ಬಸ್ಸು ತಿರುವು ದಾಟುವವರೆಗೆ

ಯುನೊಸಾಕಾ ಎಂಬ ಬಿಸಿನೀರ ಬುಗ್ಗೆಗಳ ಊರಿನ ಇಳಿಜಾರಿನಲ್ಲಿ ಶಿಗೆನೊಳನ್ನು ಅರಿಯದವರಿಲ್ಲ. ಆದರೆ ಅರಿತವರಿಗೆಲ್ಲ ಅವಳ ಮುಖಕ್ಕಿಂತ ಅವಳ ನೆತ್ತಿಯ ಪರಿಚಯವೇ ಹೆಚ್ಚು. ಹದಿನೇಳನೆಯ ವಯಸ್ಸಿಗೆ ಕಡಲಂಚಿನ ಹಳ್ಳಿಯಿಂದ ಬಂದು 'ಹಗಿನೊಯಾ' ಎಂಬ ಬಿಸಿನೀರಿನ ವಸತಿಗೃಹದಲ್ಲಿ ಪರಿಚಾರಕಿಯಾಗಿ ಸೇರಿದವಳು ನಲವತ್ತಾರು ವರ್ಷ ಅಲ್ಲೇ ದುಡಿದಳು. ಅಷ್ಟು ವರ್ಷವೂ ಬಂದವರಿಗೆ ಬಾಗಿದಳು, ಹೋಗುವವರಿಗೆ ಬಾಗಿದಳು, ಊಟದ ಮಣೆ ಇಟ್ಟು ಬಾಗಿದಳು, ಜಾರುಬಾಗಿಲು ಎಳೆಯುವ ಮೊದಲು ಒಮ್ಮೆ, ಎಳೆದ ಮೇಲೆ ಇನ್ನೊಮ್ಮೆ ಬಾಗಿದಳು. ಕೆಲಸ ಬಿಟ್ಟು ಹದಿನಾರು ವರ್ಷವಾದರೂ ಬಾಗುವುದನ್ನು ಬಿಟ್ಟಿರಲಿಲ್ಲ. ಫೋನಿನಲ್ಲಿ ಮಾತಾಡುವಾಗಲೂ ಗೋಡೆಗೆ ಬಾಗುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವಳದು ಕಲಿತ ಗುಣ, ಆದರೂ ಹೋಗಲಿಲ್ಲ.

ಕಲಿಸಿದವಳು ಹಗಿನೊಯಾದ ಹಳೆಯ ಯಜಮಾನಿ. "ಬರೋರಿಗೆ ಬಗ್ಗೋದು ಹೊಟ್ಟೆಪಾಡು ಕಣೆ, ಹೋಗೋರಿಗೆ ಬಗ್ಗೋದು ಮನಸ್ಸು" ಎಂದು ಆಕೆ ಹೊಸದಾಗಿ ಸೇರಿದ ಹುಡುಗಿಯರಿಗೆಲ್ಲ ಹೇಳುತ್ತಿದ್ದಳು. ಅತಿಥಿಗಳ ಬಸ್ಸು ಹೊರಟಿತೆಂದರೆ ಎರಡೂ ಅಂಗೈ ತೊಡೆಯ ಮೇಲೆ, ಬೆನ್ನು ನೇರ, ಸೊಂಟದಿಂದ ಬಾಗಬೇಕು. ಕೈಯಲ್ಲಿ ಏನೂ ಇರಕೂಡದು. ಒಮ್ಮೆ ಛತ್ರಿ ಹಿಡಿದೇ ಬಾಗಿದ್ದಕ್ಕೆ ಶಿಗೆನೊಳ ಕಿವಿ ಸಂಜೆಯವರೆಗೂ ಕೆಂಪಾಗಿತ್ತು. ಬಸ್ಸು ಕರ್ಪೂರದ ಮರದ ತಿರುವು ದಾಟುವವರೆಗೆ ತಲೆ ಎತ್ತುವಂತಿಲ್ಲ. ದಾಟಿದ್ದು ಕಣ್ಣಿಗೆ ಕಾಣದಾದ್ದರಿಂದ ಕಿವಿಯಿಂದ ತಿಳಿಯಬೇಕು: ಅಲ್ಲಿ ಚಾಲಕ ಗೇರು ಬದಲಿಸುತ್ತಾನೆ, ಬಸ್ಸು ಒಮ್ಮೆ ಕೆಮ್ಮುತ್ತದೆ. ಹಗಿನೊಯಾದ ಬಾಗಿಲಿನಿಂದ ಆ ಕೆಮ್ಮಿನವರೆಗೆ ನಲವತ್ತು ಎಣಿಸುವಷ್ಟು ಹೊತ್ತು.

ಶಿಗೆನೊಳ ಗಂಡ ಅದೇ ಹಗಿನೊಯಾದ ಅಡುಗೆಯವನು. ಅವನು ತೀರಿಕೊಂಡು ಬಹಳ ಕಾಲವಾಯಿತು. ಮಗ ತೆತ್ಸುರೊ ಇಳಿಜಾರಿನ ನಡುವೆ ಹೂರಣದ ಕಡುಬಿನ ಅಂಗಡಿ ಇಟ್ಟ. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಸೊಸೆ ಚಿಸಾತೊಗೆ ಆಗ ನಲವತ್ತೈದು. ಅವಳು ತವರಿಗೆ ಹೋಗುತ್ತಾಳೆಂದೇ ಊರೆಲ್ಲ ಅಂದುಕೊಂಡಿತ್ತು. ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿದ ಮಾರನೆಯ ಬೆಳಿಗ್ಗೆ ಚಿಸಾತೊ ಎದ್ದು ಎಂದಿನ ಹಾಗೆ ಒಲೆ ಹೊತ್ತಿಸಿ ಬಿದಿರಿನ ತಟ್ಟೆಗಳನ್ನು ಆವಿಗೆ ಏರಿಸಿದಳು. ಶಿಗೆನೊ ಅವಳ ಪಕ್ಕದಲ್ಲಿ ಕೂತು ಹೂರಣದ ಉಂಡೆ ಕಟ್ಟಿದಳು. 

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಗಾದೆ ಆ ಮನೆಯಲ್ಲಿ ನಡೆಯಲಿಲ್ಲ. ಅಲ್ಲಿ ಇಬ್ಬರದೂ ಒಂದೇ ಕಾಲ, ಒಂದೇ ಸಮನೆ ಜಗಳ. ಉಪ್ಪಿಗೆ ಒಂದು, ಕಿಟಕಿ ತೆರೆದಿದ್ದಕ್ಕೆ ಒಂದು. ಶಿಗೆನೊ ಇಪ್ಪತ್ತೇಳು ವರ್ಷದಲ್ಲಿ ಸೊಸೆಯನ್ನು ಒಮ್ಮೆಯೂ ಹೊಗಳಿದವಳಲ್ಲ, ಅವಳೆದುರು ತಲೆ ಬಾಗಿಸಿದವಳೂ ಅಲ್ಲ. ಊರಿಗೆಲ್ಲ ಬಾಗುವ ಬೆನ್ನು ಸೊಸೆಯೆದುರು ಮಾತ್ರ ಬಿದಿರಿನ ಹಾಗೆ ನೆಟ್ಟಗಿರುತ್ತಿತ್ತು. ಅತ್ತೆ ಅಂದರೆ ಹಾಗೇ ಇರಬೇಕು ಎಂದು ಅವಳಿಗೆ ಅವಳ ಅತ್ತೆ ಕಲಿಸಿದ್ದು.

ಕಳೆದ ಚಳಿಗಾಲ ಅಂಗಡಿಯ ಮೆಟ್ಟಿಲ ಮೇಲಿನ ಹೆಪ್ಪುನೀರಿಗೆ ಕಾಲು ಜಾರಿ ಶಿಗೆನೊಳ ತೊಡೆಯ ಕೀಲು ಮುರಿಯಿತು. ಆಸ್ಪತ್ರೆಯಲ್ಲಿ ಲೋಹದ ಕೀಲು ಕೂರಿಸಿ ಕಳಿಸಿದರು. ಆಮೇಲೆ ಚಿಸಾತೊಳ ಹೆಗಲೇ ಅವಳ ಕಾಲಾಯಿತು. ಕಕ್ಕಸಿಗೆ ಹೋಗಲು ಆ ಹೆಗಲು, ಹಾಸಿಗೆಯಿಂದ ಏಳಲು ಆ ಹೆಗಲು. ಎಲ್ಲಕ್ಕಿಂತ ಸಂಕಟವೆಂದರೆ ಇಳಿಜಾರಿನ ಬುಡದಲ್ಲಿರುವ ಊರ ಸ್ನಾನದ ಮನೆ ತಪ್ಪಿಹೋದದ್ದು. ನಾಲ್ಕು ಗಂಟೆಗೆ ಹೆಂಗಸರೆಲ್ಲ ಅಲ್ಲಿ ಕತ್ತಿನವರೆಗೆ ಬಿಸಿನೀರಿನಲ್ಲಿ ಕೂತು ಊರಿನ ಸುದ್ದಿಯನ್ನೆಲ್ಲ ತೊಳೆದು ಹಿಂಡುತ್ತಿದ್ದರೆ ಶಿಗೆನೊ ಮನೆಯಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಕೂತಿರಬೇಕಾಗಿತ್ತು.

ಚಳಿ ಇಳಿದು ಪ್ಲಮ್ ಮರ ಹೂ ಬಿಡುವ ಹೊತ್ತಿಗೆ, ಹಿಡಿದುಕೊಂಡು ನಡೆಯುವ ಚಕ್ರದ ರೋಬೋಟ್ ವಾಕರ್ ಬಂತು. ತಂದವರು ನಿಶಿಗಾಕಿ, ಮುದುಕರಿಗೆ ಬೇಕಾಗುವ ಸಾಧನಗಳನ್ನು ಬಾಡಿಗೆಗೆ ಕೊಡುವ ಕಂಪನಿಯವರು. ಐವತ್ತೈದರ ಆಸುಪಾಸಿನ ಸಣಕಲು ಮನುಷ್ಯ, ಅಗಲ ಕಿವಿ, ಹಿಂದೆ ಸೈಕಲ್ ರಿಪೇರಿ ಮಾಡುತ್ತಿದ್ದ ದೊಡ್ಡ ಕೈಗಳು. ಹೆಂಡತಿ ತೀರಿಕೊಂಡು ಆರು ವರ್ಷ.

"ಹಿಡಿಯಲ್ಲಿ ಸೆನ್ಸರ್ ಇದೆ ಅಮ್ಮಾ," ಎಂದು ಅವರು ಮಂಡಿಯೂರಿ ಕೂತು ವಿವರಿಸಿದರು. "ನೀವು ಎಷ್ಟು ಒತ್ತುತ್ತೀರೋ ಅಷ್ಟು ವೇಗ. ಏರು ಬಂದ್ರೆ ತಾನೇ ಎಳೆಯುತ್ತೆ, ಇಳಿಜಾರಲ್ಲಿ ತಾನೇ ತಡೆಯುತ್ತೆ. ಎರಡೂ ಕೈ ಬಿಟ್ರೆ ನಿಂತುಬಿಡುತ್ತೆ. ಆದ್ರೆ ಡಾಕ್ಟ್ರು ಹೇಳಿದ್ದಾರೆ, ನೀವು ಕೈ ಬಿಡೋ ಹಾಗಿಲ್ಲ."

ಗುಂಡಿ ಒತ್ತಿದಾಗ ವಾಕರ್ ಹೆಣ್ಣು ದನಿಯಲ್ಲಿ "ಹೊರಡೋಣ. ನಿಧಾನವಾಗಿ ನಡೆಯಿರಿ" ಅಂದಿತು. ಶಿಗೆನೊ ಚಿಸಾತೊಳ ಹೆಗಲು ಹಿಡಿದುಕೊಂಡೇ ಅದಕ್ಕೆ ತಲೆ ಬಾಗಿಸಿ, "ನಮಸ್ಕಾರ, ನಿನ್ನನ್ನೇ ನಂಬಿದ್ದೀನಿ" ಅಂದಳು. ಚಿಸಾತೊ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡು ನಕ್ಕಳು. ನಿಶಿಗಾಕಿ ನಗಲಿಲ್ಲ. ಅವರೂ ವಾಕರ್ ಕಡೆ ನೋಡಿ ಸುಮ್ಮನೆ ತಲೆ ಬಾಗಿಸಿದರು. ಮನುಷ್ಯ ಪರವಾಗಿಲ್ಲ ಎಂದು ಶಿಗೆನೊಗೆ ಅವತ್ತೇ ಅನ್ನಿಸಿತು.

ಅವಳು ಅದಕ್ಕೆ 'ಹೊಸ ಹುಡುಗಿ' ಎಂದು ಹೆಸರಿಟ್ಟಳು. ಪರಿಚಾರಕಿಯ ಕೆಲಸದಲ್ಲಿ ಮೊದಲ ಪಾಠವೇ ನಡಿಗೆ. ಅತಿಥಿಗಿಂತ ಒಂದು ಹೆಜ್ಜೆ ಮುಂದೆ ಇರಬೇಕು, ಆದರೆ ಎಳೆದುಕೊಂಡು ಹೋದ ಹಾಗೆ ಇರಬಾರದು. ಅವರ ಕಾಲು ತಡವರಿಸಿದರೆ ಹಿಂದೆ ತಿರುಗಿ ನೋಡದೆಯೇ ತನ್ನ ಕಾಲು ನಿಧಾನಿಸಬೇಕು. ಅದನ್ನು ಕಲಿಯಲು ಶಿಗೆನೊಗೆ ಎರಡು ವರ್ಷ ಹಿಡಿದಿತ್ತು, ಈ ಯಂತ್ರ ಬಂದ ದಿನವೇ ಮಾಡಿ ತೋರಿಸಿತು. "ಯಾರೋ ಒಳ್ಳೆ ಮನೆಯಲ್ಲಿ ಪಳಗಿಸಿದ್ದಾರೆ" ಎಂದು ಅವಳು ಸ್ನಾನದ ಮನೆಯಲ್ಲಿ ಎಲ್ಲರಿಗೂ ಹೇಳಿದಳು. ಹೌದು, ಮೂರು ವಾರದಲ್ಲಿ ಅವಳು ಮತ್ತೆ ಸ್ನಾನದ ಮನೆ ಸೇರಿದ್ದಳು. ಚಿಸಾತೊ ಹಿಂದೆಯೇ ಬರುತ್ತಿದ್ದಳು, ಕೈ ಚಾಚಿಕೊಂಡು, ಮಗು ಮೊದಲ ಹೆಜ್ಜೆ ಇಡುವಾಗ ತಾಯಿ ಬರುವ ಹಾಗೆ.

ವಾಕರನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ನಿಶಿಗಾಕಿ ವಾರಕ್ಕೊಮ್ಮೆ ಬರತೊಡಗಿದರು. ಒಮ್ಮೆ ಚಕ್ರದ ಗಾಳಿ, ಒಮ್ಮೆ ತಿರುಪು. ಬಂದಾಗಲೆಲ್ಲ ಚಿಸಾತೊ ಬಿಸಿ ಕಡುಬು ಕೊಡುತ್ತಿದ್ದಳು, ಅವರು ತಿಂದು "ಬಹಳ ಚೆನ್ನಾಗಿದೆ" ಅನ್ನುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲವೇ? ಶಿಗೆನೊ ನಲವತ್ತಾರು ವರ್ಷ ಗಂಡು ಹೆಣ್ಣು ಊಟಕ್ಕೆ ಕೂತ ರೀತಿಯಿಂದಲೇ ಅವರ ಸಂಬಂಧ ಹೇಳಿದವಳು.

ಜೂನ್ ತಿಂಗಳಲ್ಲಿ ಒಂದು ದಿನ ಚಿಸಾತೊ ಅಂಗಡಿಯ ಮುಂದೆ ಗಿರಾಕಿಗಳ ಜೊತೆ ಇದ್ದಾಗ ನಿಶಿಗಾಕಿ ಹಿತ್ತಲ ಕಡೆಯಿಂದ ಬಂದರು. ಶಿಗೆನೊಳೆದುರು ಮಂಡಿಯೂರಿ ಕೂತರು.

"ಅಮ್ಮಾ, ಒಂದು ಮಾತು ಕೇಳಬೇಕಿತ್ತು."

"ಬ್ಯಾಟರಿ ವಿಷಯಾನಾ?"

"ಅಲ್ಲ."

"ಹಾಗಾದ್ರೆ ಚಿಸಾತೊ ವಿಷಯ."

ಅವರ ಅಗಲ ಕಿವಿ ಕೆಂಪಾದವು.

"ನಿಮಗೆ ಸಿಹಿ ತಿಂದ್ರೆ ಹಲ್ಲು ನೋಯುತ್ತೆ ಅಂತ ನನಗೆ ಗೊತ್ತು," ಅಂದಳು ಶಿಗೆನೊ. "ಮೂರು ತಿಂಗಳಿಂದ ಎಡದವಡೆಗೆ ಒತ್ತಿಕೊಂಡು ಅಗೀತಿದ್ದೀರಿ. ಹೇಳಿ."

ಅವರು ಹೇಳಿದರು. ಅಕ್ಟೋಬರಿನಲ್ಲಿ ಕಂಪನಿ ಅವರನ್ನು ಎರಡು ಗಂಟೆ ದೂರದ ಬಂದರು ಊರಿಗೆ ಕಳಿಸುತ್ತಿದೆ. ಚಿಸಾತೊಳನ್ನು ಮದುವೆಯಾಗಿ ಕರೆದುಕೊಂಡು ಹೋಗುವ ಆಸೆ. ಆಕೆಯನ್ನು ಕೇಳಿದ್ದಾಯಿತು. ಆಕೆ ಆಗುವುದಿಲ್ಲ ಅಂದಳು. ಕಾರಣ ಕೇಳಿದರೆ ಒಳಗಿನ ಕೋಣೆಯ ಕಡೆ, ಅಂದರೆ ಶಿಗೆನೊ ಕೂತಿದ್ದ ಕಡೆ, ಒಮ್ಮೆ ನೋಡಿದಳು, ಅಷ್ಟೆ.

"ನೀವೂ ನಮ್ಮ ಜೊತೆ ಬಂದುಬಿಡಿ ಅಮ್ಮಾ."

"ನಲ್ಲಿ ನೀರಲ್ಲಿ ಸ್ನಾನ ಮಾಡೋಕಾ? ಬೇಡಪ್ಪ." ಶಿಗೆನೊ ತಮಾಷೆಯಾಗಿಯೇ ಅಂದಳು.  ಆದರೆ ಅವರು ಹೋದ ಮೇಲೆ ಸೊಸೆಯ ಬಾಳಿನ ಬಾಗಿಲಿಗೆ ತಾನೇ ಅಗುಳಿಯಾಗಿ ಬಿದ್ದಿದ್ದೇನೆ ಎಂದು ಹೊಳೆದು ನಾಚಿಕೆಯೂ ದುಃಖವೂ ಒಟ್ಟಿಗೇ ಆಯಿತು.

ಮಾರನೆಯ ಬೆಳಿಗ್ಗೆ ಇಬ್ಬರೂ ಹೂರಣ ತುಂಬುತ್ತ ಕೂತಾಗ ಅವಳು ಮಾತು ತೆಗೆದಳು.

"ನಿಶಿಗಾಕಿಯವರಿಗೆ ಯಾಕೆ ಬೇಡ ಅಂದೆ?"

"ನಾನು ಹೋದ್ರೆ ನಿಮ್ಮನ್ನ ಎಬ್ಬಿಸೋರು ಯಾರು? ಸ್ನಾನಕ್ಕೆ ಕರ್ಕೊಂಡು ಹೋಗೋರು ಯಾರು?"

"ಅದು ನನ್ನ ವಿಷಯ. ನಿನ್ನ ಮನಸ್ಸು ಕೇಳಿದ್ದು."

 ಚಿಸಾತೊ ಕೈಯಲ್ಲಿದ್ದ ಕಡುಬನ್ನು ಅದರ ಬಾಯಿ ಮುಚ್ಚದೆಯೇ ತಟ್ಟೆಗಿಟ್ಟಳು. ಇಪ್ಪತ್ತೇಳು ವರ್ಷದಲ್ಲಿ ಅಂಥ ತಪ್ಪು ಅವಳಿಂದ ಆಗಿರಲಿಲ್ಲ. ಶಿಗೆನೊ ಅದನ್ನು ಎತ್ತಿ ತಾನೇ ಬಾಯಿ ಮುಚ್ಚಿದಳು.

"ನಾನು ಒಬ್ಬಳೇ ಓಡಾಡಿದ್ರೆ ಹೋಗ್ತೀಯಾ?"

"ಒಂದು ತಿಂಗಳು," ಅಂದಳು ಚಿಸಾತೊ, ಮುಖ ಎತ್ತದೆ. "ದಿನಾ ಸ್ನಾನದ ಮನೆಗೆ ಹೋಗಿ ಬನ್ನಿ. ಯಾರೂ ಹಿಡೀಬಾರದು. ಒಂದು ಸಲ ಬಿದ್ರೂ ಈ ಮಾತು ಇನ್ನು ಎತ್ತೋ ಹಾಗಿಲ್ಲ."

"ಆಯ್ತು."

"ಗೆಲ್ತೀನಿ ಅಂದ್ಕೊಂಡಿದ್ದೀರಾ?"

"ನಿನಗೇ ಸೋಲ್ಬೇಕು ಅಂತಿದೆ ಅಂತ ನಂಗೊತ್ತು," ಅಂದಳು ಅತ್ತೆ. ಸೊಸೆ ಎದ್ದು ಒಲೆ ನೋಡಲು ಹೋದಳು.

ಒಬ್ಬಳೇ ಸ್ನಾನಕ್ಕೆ ಹೋಗಿ ಬಂದ ದಿನಕ್ಕೊಂದರಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತುಗಳು ಬೀಳತೊಡಗಿದವು. ದಾರಿಯಲ್ಲಿ ಸಿಕ್ಕವರಿಗೆ ಶಿಗೆನೊ ಕತ್ತು ಮಾತ್ರ ತಗ್ಗಿಸಿ "ಕ್ಷಮಿಸಿ, ಕೈ ಖಾಲಿಯಿಲ್ಲ" ಅನ್ನುತ್ತಿದ್ದಳು. ಹಾಗನ್ನುವಾಗ ಬರಿಗಾಲಲ್ಲಿ ಬೀದಿಗೆ ಬಂದಷ್ಟು ಮುಜುಗರವಾಗುತ್ತಿತ್ತು. ಹಗಿನೊಯಾದ ಮುಂದೆ ಮಾತ್ರ ಬಸ್ಸು ಹೊರಡುವ ಹತ್ತು ಗಂಟೆಗೆ ತಪ್ಪಿಯೂ ಹೋಗುತ್ತಿರಲಿಲ್ಲ. ತನ್ನ ಬೆನ್ನನ್ನು ತಾನೇ ನಂಬುವಂತಿರಲಿಲ್ಲ.

ಇಪ್ಪತ್ತಾರನೆಯ ದಿನ ಔಷಧಿ ತರಲು ಬೆಳಿಗ್ಗೆಯೇ ಇಳಿದಳು. ಹತ್ತೂವರೆಯಾಗಿತ್ತು, ಬಸ್ಸು ಹೋಗಿರುತ್ತದೆ ಅಂದುಕೊಂಡಿದ್ದಳು. ಆದರೆ ಅವತ್ತು ಯಾವನೋ ಅತಿಥಿ ಕನ್ನಡಕ ಮರೆತು ಬಸ್ಸು ತಡವಾಗಿತ್ತು. ಅವಳು ಹಗಿನೊಯಾದ ಬಾಗಿಲಿಗೆ ಸರಿಯಾಗಿ ಬರುವುದಕ್ಕೂ ಬಸ್ಸು ಹೊರಡುವುದಕ್ಕೂ ಒಂದೇ ಆಯಿತು. ಐದು ಜನ ಪರಿಚಾರಕಿಯರು ಸಾಲಾಗಿ ಬಾಗಿದರು. ಕಿಟಕಿಯೊಳಗಿಂದ ಯಾರೋ ಒಬ್ಬ ಮುದುಕ ಕೈ ಬೀಸಿದ, ಬೀಸಿದ್ದು ನೇರವಾಗಿ ಶಿಗೆನೊಗೆ.

ಕೈ ಬಿಡಬಾರದು ಎಂದು ಡಾಕ್ಟರ ಮಾತು. ಬಾಗದೆ ನಿಲ್ಲಬಾರದು ಎಂದು ಯಜಮಾನಿಯ ಮಾತು. ಶಿಗೆನೊ ಇಬ್ಬರ ಮಾತನ್ನೂ ಉಳಿಸಲು ಹೋದಳು. ಹಿಡಿ ಹಿಡಿದುಕೊಂಡೇ ಸೊಂಟದಿಂದ ಬಾಗಿದಳು. ಮೈಯ ಭಾರವೆಲ್ಲ ಹಿಡಿಗೆ ಬಿತ್ತು. ಹೊಸ ಹುಡುಗಿ ಅಜ್ಜಿಗೆ ಏನೋ ಅವಸರ ಎಂದು ತಿಳಿದು ಸರ್ರನೆ ಮುಂದೆ ಹೊರಟಳು. ಕೈಗಳು ಹೋದವು, ಕಾಲು ಇದ್ದಲ್ಲೇ ಇದ್ದವು. ಶಿಗೆನೊ ಮಂಡಿ ಊರಿ, ಅಂಗೈ ಊರಿ, ಕಲ್ಲುಹಾಸಿನ ಮೇಲೆ ಬಿದ್ದಳು. ನಾಲ್ಕು ಹೆಜ್ಜೆ ಮುಂದೆ ವಾಕರ್ ನಿಂತು ವಿನಯದಿಂದ "ಕೈ ಬಿಟ್ಟಿದ್ದೀರಿ. ನಿಂತಿದ್ದೇನೆ" ಅಂದಿತು.

ಬಸ್ಸಿನವರು ಇದನ್ನು ಹಿಂದಿನ ಕಾಲದ ದೊಡ್ಡ ನಮಸ್ಕಾರ ಅಂದುಕೊಂಡರು. ಕಿಟಕಿಗಳಲ್ಲಿ ಒಂದೊಂದೇ ತಲೆ ಬಾಗಿತು. ಇಬ್ಬರು ಫೋಟೋ ಕೂಡ ತೆಗೆದರು.

ಮೂಳೆಗೆ ಏನೂ ಆಗಿರಲಿಲ್ಲ, ಮಂಡಿ ತರಚಿತ್ತು ಅಷ್ಟೆ. ಆದರೆ ಚಿಸಾತೊ ಹಿಟ್ಟಿನ ಕೈಯಲ್ಲೇ ಓಡಿಬಂದು ಅತ್ತೆಯನ್ನು ಎತ್ತಿದಳು. ಮನೆಗೆ ಬಂದವಳೇ ನಿಶಿಗಾಕಿಗೆ ಫೋನ್ ಮಾಡಿದಳು.

"ನಿಮ್ಮ ಯಂತ್ರ ಓಡಿಹೋಗಿ ನಮ್ಮತ್ತೇನ ಬೀಳಿಸ್ತು. ನಾಳೆ ಬಂದು ತಗೊಂಡು ಹೋಗಿ. ಮತ್ತೆ ಇಲ್ಲಿಗೆ ಬರೋದು ಬೇಡ."

"ಅದು ಓಡಲಿಲ್ಲ ಕಣೆ," ಎಂದಳು ಶಿಗೆನೊ ಒಳಗಿಂದ. "ನಾನು ಬಗ್ಗಿದೆ, ಅದಕ್ಕೇ ಬಿದ್ದೆ."

"ನಾಟಕ ಬೇಡ ಅತ್ತೆ. ನನ್ನನ್ನ ಕಳಿಸೋಕೆ ನೀವು ಏನು ಬೇಕಾದ್ರೂ ಹೇಳ್ತೀರ." ಚಿಸಾತೊ ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಬಿಟ್ಟಳು.

ನಿಜ ಹೇಳಿದರೂ ನಂಬದಿದ್ದರೆ ಏನು ಮಾಡುವುದು? ಶಿಗೆನೊ ಆ ದಿನವೆಲ್ಲ ಮಂಡಿಗೆ ಮುಲಾಮು ಹಚ್ಚಿಕೊಂಡು ಯೋಚಿಸಿದಳು.

ನಿಶಿಗಾಕಿ ಬಂದಾಗ ಮುಖ ಬಾಡಿತ್ತು. ಒಳಗೆ ಬರದೆ ಹಿತ್ತಲಲ್ಲೇ ಕೂತು ವಾಕರಿಗೆ ತಮ್ಮ ಪುಟ್ಟ ಕಂಪ್ಯೂಟರು ಜೋಡಿಸಿ, ಬಿದ್ದ ಕ್ಷಣದಲ್ಲಿ ಹಿಡಿಯ ಮೇಲೆ ಎಷ್ಟು ಒತ್ತಡ ಬಿದ್ದಿತ್ತೆಂದು ತೆಗೆದು ನೋಡಿದರು. ತುಂಬ ಹೊತ್ತು ನೋಡಿದರು.

"ಎರಡೂ ಕೈಯಿಂದ ಒಂದೇ ಸಮ ಒತ್ತಿದ್ದೀರಿ ಅಮ್ಮಾ. ಕೆಳಕ್ಕೂ, ಮುಂದಕ್ಕೂ. ನಡೆಯೋರು ಯಾರೂ ಹೀಗೆ ಒತ್ತಲ್ಲ. ಎಡವಿದೋರೂ ಒತ್ತಲ್ಲ. ಇದೇನು ಅಂತ ನನಗೆ ಅರ್ಥವಾಗ್ತಿಲ್ಲ."

"ಚಿಸಾತೊ, ಇಲ್ಲಿ ಬಾ," ಎಂದು ಶಿಗೆನೊ ಕರೆದಳು. "ಹಿಂದೆ ನಿಂತು ನನ್ನ ನಡುಪಟ್ಟಿ ಹಿಡ್ಕೊ. ನಿಶಿಗಾಕಿಯವರೇ, ನೀವು ಅದರ ಮುಂದೆ ನಿಲ್ಲಿ."

ಗೋಡೆ ಹಿಡಿದು ಎದ್ದಳು, ವಾಕರ್ ಹಿಡಿದಳು, ಹಿಡಿದುಕೊಂಡೇ ಹಗಿನೊಯಾದ ಬಾಗಿಲಲ್ಲಿ ಬಾಗುವ ಹಾಗೆ ಬಾಗಿದಳು. ಹೊಸ ಹುಡುಗಿ ಸರ್ರನೆ ಹೋಗಿ ನಿಶಿಗಾಕಿಯ ಮೊಣಕಾಲಿಗೆ ಗುದ್ದಿದಳು. ಚಿಸಾತೊ ನಡುಪಟ್ಟಿಯನ್ನು ಎರಡೂ ಕೈಯಿಂದ ಎಳೆದು ಹಿಡಿದುಕೊಂಡು ಬಾಯಿ ತೆರೆದು ನಿಂತಳು.

"ಮರಳಿನ ಮೂಟೆ ಇಟ್ಟು ನೋಡಿದ್ವಿ," ಎಂದರು ನಿಶಿಗಾಕಿ, ಮೊಣಕಾಲು ಉಜ್ಜಿಕೊಳ್ಳುತ್ತ. "ಮಳೆಯಲ್ಲಿ, ಜಲ್ಲಿಯಲ್ಲಿ, ಕಡಿದಾದ ಏರಿನಲ್ಲಿ ನೋಡಿದ್ವಿ. ಬೆಳಗಿಂದ ಸಂಜೆಯವರೆಗೆ ನಾವೇ ಒಬ್ಬರಿಗೊಬ್ಬರು ಬಗ್ತಾ ಇರ್ತೀವಿ. ಬಗ್ಗಿ ನೋಡಬೇಕು ಅಂತ ಮಾತ್ರ ಒಬ್ಬರಿಗೂ ಹೊಳೀಲಿಲ್ಲ. ತಪ್ಪಾಯ್ತು." ಎಂದು ಅವರು ಆಳವಾಗಿ ಬಾಗಿದರು. ಚಿಸಾತೊಗೆ ತಾನು ಫೋನಿನಲ್ಲಿ ಅಂದದ್ದು ನೆನಪಾಗಿ ಅವಳೂ ಬಾಗಿದಳು. ಇಬ್ಬರೂ ಬಾಗಿದ್ದನ್ನು ನೋಡಿ ಶಿಗೆನೊಳ ಬೆನ್ನು ಸುಮ್ಮನಿರದೆ ಮತ್ತೆ ಬಾಗಲು ಹೋಯಿತು. "ಅತ್ತೆ!" ಎಂದು ಚಿಸಾತೊ ಚೀರಿ ನಡುಪಟ್ಟಿ ಎಳೆದಳು. ಮೂವರೂ ನಕ್ಕರು. ನಗುತ್ತ ನಗುತ್ತ ಚಿಸಾತೊ ಅಳತೊಡಗಿದಳು.

"ದಾರಿ ಒಂದಿದೆ," ಎಂದರು ನಿಶಿಗಾಕಿ. "ಬಗ್ಗೋ ಮೊದಲು ಎರಡೂ ಕೈ ಪೂರ್ತಿ ಬಿಡಿ. ಬಿಟ್ರೆ ಅದು ಕಂಬದ ಹಾಗೆ ನಿಲ್ಲುತ್ತೆ. ಅರ್ಧ ಹಿಡಿದು ಅರ್ಧ ಬಿಡೋದೇ ಅಪಾಯ. ಆದ್ರೆ ಕೈ ಬಿಟ್ಟು ನೀವು ಎಷ್ಟು ಹೊತ್ತು ನಿಲ್ತೀರಿ?"

"ಎರಡು ಎಣಿಸೋವರೆಗೆ."

"ಎಷ್ಟು ಹೊತ್ತು ಬೇಕು?"

"ನಲವತ್ತು," ಎಂದಳು ಶಿಗೆನೊ.

ಚಿಸಾತೊ ಮೂಗು ಒರೆಸಿಕೊಂಡು ಗೋಡೆಯ ಕ್ಯಾಲೆಂಡರನ್ನು ಮತ್ತೆ ಈ ಕಡೆ ತಿರುಗಿಸಿದಳು. "ಮೊದಲು ನಿಲ್ಲೋದು ಕಲೀರಿ, ಆಮೇಲೆ ಎಣಿಕೆ ಮತ್ತೆ ಒಂದರಿಂದ" ಅಂದಳು. ಬಿದ್ದರೆ ಮಾತು ಎತ್ತಬಾರದು ಎಂಬ ಕರಾರನ್ನು ಅವಳೇ ಮರೆತಳು, ನೆನಪಿಸಲು ಶಿಗೆನೊಗೆ ಏನು ಹುಚ್ಚೇ?

ಆ ಬೇಸಿಗೆಯೆಲ್ಲ ಹಿತ್ತಲಲ್ಲಿ ಅಭ್ಯಾಸ. ಕಡುಬು ಆವಿಗೇರಿಸಿದ ಮೇಲೆ ಬೇಯುವ ಹೊತ್ತು ಅವರದು. ವ್ಯಾಯಾಮ ಕಲಿಸುವ ಆಸ್ಪತ್ರೆಯ ಹೆಂಗಸು ಕಾಲು ಎಷ್ಟು ಅಗಲಿಸಬೇಕು, ಭಾರ ಎಲ್ಲಿಡಬೇಕು ಎಂದು ತೋರಿಸಿಕೊಟ್ಟಿದ್ದಳು. ವಾಕರ್ ಮುಂದೆ, ಶಿಗೆನೊ ನಡುವೆ, ಹಿಂದೆ ನಡುಪಟ್ಟಿ ಹಿಡಿದ ಚಿಸಾತೊ. ಜುಲೈ ಕೊನೆಗೆ ಎಂಟು ಎಣಿಸುವವರೆಗೆ ನಿಂತಳು. ಸತ್ತ ಹಿರಿಯರು ಮನೆಗೆ ಬಂದು ಹೋಗುವ ಓಬೋನ್ ಹಬ್ಬದ ಹೊತ್ತಿಗೆ ಹತ್ತೊಂಬತ್ತು. ತೆತ್ಸುರೊನ ಪಟದ ಮುಂದೆ ಅವಳು ಹಿರಿಯರು ಏರಿ ಬರಲೆಂದು ಮಾಡುವ ಸೌತೆಕಾಯಿಯ ಕುದುರೆ ಇಟ್ಟು, "ನೋಡಿಕೊಂಡು ಹೋಗು, ನಿನ್ನಮ್ಮ ನಿಲ್ಲೋದನ್ನ ಕಲೀತಿದ್ದಾಳೆ" ಅಂದಳು. ಚಿಸಾತೊಳ ವಿಷಯವಾಗಿ ಇನ್ನೊಂದು ಮಾತೂ ಮಗನಿಗೆ ಹೇಳುವುದಿತ್ತು. ಅದನ್ನು ಮನಸ್ಸಿನಲ್ಲೇ ಹೇಳಿದಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಇಪ್ಪತ್ತೈದು ದಾಟಿತು.

"ಕೈ ಬಿಡ್ಲಾ ಅತ್ತೆ?"

"ಬಿಡು."

"ಬಿಟ್ಟೆ."

"ಸುಳ್ಳಿ. ಇನ್ನೂ ಹಿಡ್ಕೊಂಡಿದ್ದೀಯ."

"ಎರಡು ಬೆರಳು ಮಾತ್ರ."

"ಆ ಎರಡು ಬೆರಳೂ ತೆಗಿ."

 ಆವಿತಟ್ಟೆಯ ಮುಚ್ಚಳ ಸಣ್ಣಗೆ ತಟತಟಿಸುತ್ತಿತ್ತು. ನಡುಪಟ್ಟಿ ಸಡಿಲವಾಯಿತು. ಶಿಗೆನೊಳ ಕಾಲು ನಡುಗಿದವು, ಆದರೆ ನಿಂತವು. ಸೊಸೆ ತನ್ನನ್ನು ಬಿಡುವುದನ್ನು ಕಲಿಯುತ್ತಿದ್ದಾಳೆ, ಅದು ತನ್ನ ಪಾಠಕ್ಕಿಂತ ಕಷ್ಟದ ಪಾಠ ಎಂದು ಅವಳಿಗೆ ಗೊತ್ತಿತ್ತು. ತಾನು ಬೇಗ ಕಲಿತಷ್ಟೂ ಚಿಸಾತೊ ಬೇಗ ಹೋಗುತ್ತಾಳೆ ಎಂದೂ ಗೊತ್ತಿತ್ತು. ಮೂವತ್ತೊಂದಕ್ಕೆ ಅವಳು ಹಿಡಿ ಹಿಡಿದುಕೊಂಡಳು. ಇನ್ನೂ ನಿಲ್ಲಬಹುದಿತ್ತು. ಅವತ್ತು ಮಾತ್ರ ಬೇಕೆಂದೇ ನಿಲ್ಲಿಸಿದಳು.

ಸೆಪ್ಟೆಂಬರ್ ತಿಂಗಳು ಪೂರ್ತಿ ಕೆಂಪು ಸುತ್ತುಗಳು ತುಂಬಿದವು. ಎದುರುಮನೆಯ ಇಸೊಕೊ ಅಂಗಡಿ ನೋಡಿಕೊಳ್ಳುತ್ತೇನೆ ಅಂದಳು, ಬೆಳಿಗ್ಗೆ ಒಬ್ಬ ಸಹಾಯಕಿ ಬರುವ ಏರ್ಪಾಡಾಯಿತು, ಹದಿನೈದು ದಿನಕ್ಕೊಮ್ಮೆ ಬರುತ್ತೇನೆಂದು ಚಿಸಾತೊ ಮೂರು ಸಲ ಹೇಳಿದಳು. ನಿಶಿಗಾಕಿ ಹಿಂದಿನ ದಿನವೇ ವ್ಯಾನಿನಲ್ಲಿ ಸಾಮಾನು ಒಯ್ದರು. ವ್ಯಾನಿನಲ್ಲೇ ಹೋಗಬಹುದಾಗಿದ್ದ ಚಿಸಾತೊ ಒಪ್ಪಲಿಲ್ಲ. ಈ ಊರಿಗೆ ಮದುಮಗಳಾಗಿ ಬಂದದ್ದು ಬಸ್ಸಿನಲ್ಲಿ, ಹೋಗುವುದೂ ಬಸ್ಸಿನಲ್ಲೇ ಅಂದಳು.

ಬೆಳಿಗ್ಗೆ ಒಂಬತ್ತಕ್ಕೆ ಶಿಗೆನೊ ಪೆಟ್ಟಿಗೆಯಿಂದ ಹಗಿನೊಯಾದ ತನ್ನ ಹಳೆಯ ನೇರಳೆ ಬಣ್ಣದ ಕಿಮೊನೊ ತೆಗೆದು ಉಟ್ಟಳು.

"ಬಾಗಿಲಲ್ಲೇ ಹೋಗಿ ಬಾ ಅನ್ನಿ ಸಾಕು ಅತ್ತೆ. ಅಲ್ಲೀತನಕ ಯಾಕೆ?"

"ಬಾಗಿಲಿಂದ ಕಳಿಸೋದು ಅಂಚೆಯವನನ್ನ," ಎಂದಳು ಶಿಗೆನೊ. "ನಡಿ ಮುಂದೆ."

ಇಳಿಜಾರು ಇಳಿದರು. ಹೊಸ ಹುಡುಗಿ ತಡೆದು ತಡೆದು ಇಳಿಸಿದಳು. ದಾರಿಯುದ್ದಕ್ಕೂ ಇಬ್ಬರೂ ಹೂರಣಕ್ಕೆ ಎಷ್ಟು ಉಪ್ಪು ಎಂಬುದಕ್ಕೇ ಜಗಳವಾಡಿದರು. ಇಸೊಕೊಗೆ ಚಿಟಿಕೆ ಎಂದು ಹೇಳಿಕೊಡಬೇಕೋ ಅರ್ಧ ಚಿಟಿಕೆಯೋ ತೀರ್ಮಾನವಾಗುವುದರೊಳಗೆ ಹಗಿನೊಯಾದ ಮುಂದಿನ ನಿಲ್ದಾಣ ಬಂತು, ಬಸ್ಸೂ ಬಂತು.

ಚಿಸಾತೊ ಅತ್ತೆಯ ಕೊರಳಪಟ್ಟಿ ಸರಿಮಾಡಿದಳು. ಸರಿಯಾಗಿಯೇ ಇತ್ತು. "ಹೋಗಿ ಬರ್ತೀನಿ ಅತ್ತೆ" ಅಂದಳು.

"ಹ್ಞೂಂ. ಅರ್ಧ ಚಿಟಿಕೆ," ಎಂದಳು ಶಿಗೆನೊ.

ಬಾಗಿಲು ಮುಚ್ಚಿತು. ಬಸ್ಸು ಅಲುಗಿತು. ಶಿಗೆನೊ ಕಾಲು ಅಗಲಿಸಿ, ಭಾರ ಹಿಮ್ಮಡಿಗೆ ತಂದು, ಎರಡೂ ಕೈ ಬಿಟ್ಟಳು. "ಕೈ ಬಿಟ್ಟಿದ್ದೀರಿ. ನಿಂತಿದ್ದೇನೆ" ಅಂದಿತು ವಾಕರ್. ಅಂಗೈಗಳನ್ನು ತೊಡೆಯ ಮೇಲಿಟ್ಟು, ಇಪ್ಪತ್ತೇಳು ವರ್ಷ ಸೊಸೆಯೆದುರು ಬಾಗದಿದ್ದ ಬೆನ್ನನ್ನು ಅವಳು ಸೊಂಟದಿಂದ ಬಾಗಿಸಿದಳು. ಹಗಿನೊಯಾಕ್ಕೆ ಬಂದ ಯಾವ ದೊಡ್ಡ ಮನುಷ್ಯನಿಗೂ ಅಷ್ಟು ಆಳವಾಗಿ ಬಾಗಿದವಳಲ್ಲ. ಕಲ್ಲುಹಾಸು, ತನ್ನ ಬಿಳಿ ಕಾಲುಚೀಲ, ವಾಕರಿನ ಚಕ್ರ ಕಂಡವು. ಎಣಿಸತೊಡಗಿದಳು.

ಹತ್ತು. ಎಂಟು ವರ್ಷದ ಹಿಂದೆ ಆ ಬೆಳಿಗ್ಗೆ ಒಲೆ ಹೊತ್ತಿಸಿದ್ದಕ್ಕೆ. ಇಪ್ಪತ್ತು. ಕಕ್ಕಸಿಗೆ ಎತ್ತಿಕೊಂಡು ಹೋದದ್ದಕ್ಕೆ, ಒಮ್ಮೆಯೂ ಮುಖ ಸಿಂಡರಿಸದೆ. ಮೂವತ್ತು. ಕಾಲು ನಡುಗತೊಡಗಿದವು, ಕಣ್ಣೀರು ಮೂಗಿನ ತುದಿಯಿಂದ ಕಲ್ಲಿನ ಮೇಲೆ ಬಿತ್ತು. ಮೂವತ್ತನಾಲ್ಕಕ್ಕೆ ಶಿಗೆನೊ ತನ್ನ ಜೀವಮಾನದಲ್ಲಿ ಮಾಡದಿದ್ದ ತಪ್ಪು ಮಾಡಿದಳು. ಬಸ್ಸು ಇನ್ನೂ ಕೆಮ್ಮಿರಲಿಲ್ಲ, ಅವಳು ತಲೆ ಎತ್ತಿದಳು. ಚಿಸಾತೊಳ ಮುಖ ಇನ್ನೊಂದು ಸಲ ನೋಡಬೇಕಿತ್ತು, ಅಷ್ಟೆ. ಸತ್ತ ಯಜಮಾನಿ ಬೇಕಾದರೆ ಕಿವಿ ಹಿಂಡಲಿ.

ಮುಖ ಕಾಣಲಿಲ್ಲ. ಬಸ್ಸಿನ ಹಿಂದಿನ ಗಾಜಿನಲ್ಲಿ ಕಂಡದ್ದು ಒಂದು ನೆತ್ತಿ, ನಡುವೆ ತೆಗೆದ ಬೈತಲೆ, ಬೈತಲೆಯ ಎರಡೂ ಕಡೆ ಅಲ್ಲಲ್ಲಿ ನರೆತ ಕೂದಲು. ಚಿಸಾತೊ ಸೀಟಿನ ಮೇಲೆ ಹಿಂದಕ್ಕೆ ತಿರುಗಿ ಮಂಡಿಯೂರಿ ಕೂತು ಬಾಗಿದ್ದಳು, ಅತ್ತೆ ತಲೆ ಎತ್ತುವ ಮೊದಲು ತಾನು ಎತ್ತಬಾರದು ಎಂದು.

ಈಗ ಅವಳು ಎತ್ತಿಬಿಟ್ಟರೆ? ಎಂದು ಗಾಬರಿಯಾಗಿ ಶಿಗೆನೊ ಮತ್ತೆ ಬಾಗಿದಳು. ಮೂವತ್ತೆಂಟು. ಮೂವತ್ತೊಂಬತ್ತು. ಕರ್ಪೂರದ ಮರದ ಬಳಿ ಬಸ್ಸು ಕೆಮ್ಮಿತು. ಅವಳು ಇನ್ನೂ ಹತ್ತು ಹೆಚ್ಚಿಗೆ ಎಣಿಸಿದಳು.

ಆಮೇಲೆ ಹಿಡಿ ಹಿಡಿದುಕೊಂಡು, ತೋಳಿನಿಂದ ಮೂಗು ಒರೆಸಿಕೊಂಡು ಏರಿನ ಕಡೆ ತಿರುಗಿದಳು. "ಹೊರಡೋಣ. ನಿಧಾನವಾಗಿ ನಡೆಯಿರಿ" ಅಂದಿತು ವಾಕರ್.

"ನಡಿಯೇ ಹುಡುಗಿ," ಎಂದಳು ಶಿಗೆನೊ. "ಇಸೊಕೊ ಉಪ್ಪು ಜಾಸ್ತಿ ಹಾಕಿರ್ತಾಳೆ."